ಹೆಣಗಳು ನಗಿಸಿದ ಕಾಲ

ಹಾಸ್ಯಕ್ಕೂ ಭಯಾನಕಕ್ಕೂ ಹಗೆ ಎಂಬುದು ನಮ್ಮ ಆಲಂಕಾರಿಕರ ನಿರ್ಣಯ. ಯಾವ ರಸಕ್ಕೆ ಯಾವ ರಸ ವಿರೋಧಿ ಎಂದು ಎಣಿಸುತ್ತ ಸಾಹಿತ್ಯದರ್ಪಣದ ವಿಶ್ವನಾಥನು ಹಾಸ್ಯದ ಎದುರಿಗೆ ಎರಡನ್ನು ನಿಲ್ಲಿಸಿದ್ದಾನೆ: ಒಂದು ಭಯಾನಕ, ಇನ್ನೊಂದು ಕರುಣ. ನಡುಗುತ್ತಿರುವವನು ನಗಲಾರ, ಅಳುತ್ತಿರುವವನ ಮುಂದೆ ನಗುವುದು ಸಲ್ಲದು. ಸಹೃದಯನ ಮನಸ್ಸು ಒಂದೇ ಗಳಿಗೆಯಲ್ಲಿ ಎರಡು ದಿಕ್ಕಿಗೆ ಹರಿಯಲಾರದೆಂಬ ಈ ಮಾತು ಯುಕ್ತವಾಗಿಯೇ ಇದೆ. ಆದರೆ ಲೋಕದ ಕಲಾವ್ಯಾಪಾರವೆಲ್ಲ ಲಕ್ಷಣಗ್ರಂಥದ ಅಪ್ಪಣೆ ಪಡೆದು ನಡೆಯುವುದಿಲ್ಲ. ೧೯೮೦ರ ದಶಕದ ನಡುಭಾಗದಲ್ಲಿ ಅಮೆರಿಕದಲ್ಲಿ ಅಗ್ಗದ ಬಂಡವಾಳದ ಒಂದು ಬಗೆಯ ಚಲಚ್ಚಿತ್ರಗಳು ಹುಟ್ಟಿಕೊಂಡುವು. ಅವುಗಳಲ್ಲಿ ಸತ್ತವರು ಎದ್ದು ಬಂದು ಬದುಕಿರುವವರನ್ನು ಅಟ್ಟಿಸಿಕೊಂಡು ಹೋಗುತ್ತಾರೆ. ಓಡುವವರು ಹದಿಹರೆಯದ ಹುಡುಗ ಹುಡುಗಿಯರು. ನೋಡುವವರೂ ಅದೇ ವಯಸ್ಸಿನವರು. ಚಿತ್ರಮಂದಿರದಲ್ಲಿ ಕಿರುಚಾಟ ಎಷ್ಟೋ ನಗುವೂ ಅಷ್ಟೇ. ಭಯಾನಕ, ಬೀಭತ್ಸ, ಹಾಸ್ಯ ಮೂರೂ ಒಂದೇ ಪಾತ್ರೆಯಲ್ಲಿ ಬೆಂದ ಅಡುಗೆ ಅದು.

ಇಂಥ ಚಿತ್ರಗಳ ಮಾತನ್ನು ಸಾಹಿತ್ಯದ ಪುಟದಲ್ಲಿ ಎತ್ತುವುದು ಉಚಿತವೇ ಎಂದು ಓದುಗರಲ್ಲಿ ಕೆಲವರಿಗೆ ಅನ್ನಿಸಬಹುದು. ಸಂತೆಯ ಸರಕಿಗೂ ಸರಸ್ವತಿಯ ಗುಡಿಗೂ ಏನು ನಂಟು? ಆದರೆ ಸಂತೆಯಲ್ಲಿ ಜನ ಏನನ್ನು ಕೊಂಡರು, ಏಕೆ ಕೊಂಡರು ಎಂದು ನೋಡಿದರೆ ಒಂದು ಕಾಲದ ಮನಸ್ಸು ತಿಳಿದೀತು. ಈ ಚಿತ್ರಗಳಲ್ಲಿ ಬಹುಪಾಲು ಜಳ್ಳು ಎಂಬುದು ನಿಜ. ಉಳಿದ ಕಾಳಿನಲ್ಲಿ ಮೂರನ್ನು ಆರಿಸಿ ಪರೀಕ್ಷಿಸಿದರೆ, ನಗುವಿನ ತೆರೆಯ ಹಿಂದೆ ಕಿರಿಯರು ಹಿರಿಯರ ಮೇಲೆ ಹೊರಿಸಿದ ಒಂದು ದೂರು ಕೇಳಿಸುತ್ತದೆ. ಅದು ಏನೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಜೋಂಬಿಯ ತವರು

ಮೊದಲು ಈ ಎದ್ದ ಹೆಣದ ಕುಲಗೋತ್ರವನ್ನು ತಿಳಿಯಬೇಕು. ನಮ್ಮ ಬೇತಾಳನೂ ಹೆಣವನ್ನು ಹೊಕ್ಕವನೇ. ಆದರೆ ಅವನು ಮಾತುಗಾರ, ಕಥೆಗಾರ, ರಾಜನ ನ್ಯಾಯಬುದ್ಧಿಯನ್ನು ಒರೆಗೆ ಹಚ್ಚುವ ಪರೀಕ್ಷಕ. ಜೋಂಬಿಗೆ ಮಾತಿಲ್ಲ, ಇಚ್ಛೆಯಿಲ್ಲ. ಅದರ ತವರು ಕ್ಯಾರಿಬಿಯನ್ ಸಮುದ್ರದ ಹೈಟಿ. ಆಫ್ರಿಕದಿಂದ ಹಿಡಿದು ತಂದ ಗುಲಾಮರು ಫ್ರೆಂಚರ ಕಬ್ಬಿನ ತೋಟಗಳಲ್ಲಿ ದುಡಿದು ಸತ್ತ ನಾಡು ಅದು. ಆ ಗುಲಾಮರೇ ದಂಗೆಯೆದ್ದು ೧೮೦೪ರಲ್ಲಿ ಸ್ವಾತಂತ್ರ್ಯವನ್ನು ಸಾರಿದ ನಾಡೂ ಹೌದು. ಮಾಂತ್ರಿಕನು ಸತ್ತವನನ್ನು ಎಬ್ಬಿಸಿ ತನ್ನ ಹೊಲದಲ್ಲಿ ದುಡಿಸಿಕೊಳ್ಳುತ್ತಾನೆ ಎಂಬ ಅಲ್ಲಿನ ನಂಬಿಕೆಯಲ್ಲಿ ಗುಲಾಮಗಿರಿಯ ನೆನಪು ಹೆಪ್ಪುಗಟ್ಟಿದೆ. ಬದುಕಿನಲ್ಲಿ ಇಲ್ಲದ ಬಿಡುಗಡೆ ಸಾವಿನಲ್ಲಿಯೂ ಇಲ್ಲವಾದರೆ ಗತಿ ಏನು? ಹೈಟಿಯ ಜನ ಜೋಂಬಿ ತಮ್ಮನ್ನು ತಿಂದೀತೆಂದು ಹೆದರಲಿಲ್ಲ. ತಾವೇ ಎಲ್ಲಿ ಜೋಂಬಿಯಾದೇವೋ ಎಂದು ಹೆದರಿದರು.

೧೯೧೫ರಿಂದ ೧೯೩೪ರವರೆಗೆ ಅಮೆರಿಕದ ಸೈನ್ಯ ಹೈಟಿಯಲ್ಲಿ ಬೀಡುಬಿಟ್ಟಿತ್ತು. ಆ ಅವಧಿಯಲ್ಲಿ, ೧೯೨೯ರಲ್ಲಿ, ವಿಲಿಯಂ ಸೀಬ್ರೂಕ್ ಎಂಬ ಲೇಖಕನ 'ದಿ ಮ್ಯಾಜಿಕ್ ಐಲೆಂಡ್' ಎಂಬ ಗ್ರಂಥ ಜೋಂಬಿಯನ್ನು ಅಮೆರಿಕದ ಓದುಗರ ಮನೆಬಾಗಿಲಿಗೆ ತಂದಿತು. ೧೯೩೨ರಲ್ಲಿ 'ವೈಟ್ ಜೋಂಬಿ' ಚಿತ್ರ ಬಂದಿತು. ಸಕ್ಕರೆಯ ಗಾಣದಲ್ಲಿ ಮಾತಿಲ್ಲದೆ ಸುತ್ತುವ ಹೆಣಗಳ ಒಂದು ದೃಶ್ಯ ಅದರಲ್ಲಿದೆ. ಹಳೆಯ ಹೈಟಿಯ ಅಳಲು ಅಲ್ಲಿ ಇನ್ನೂ ಅಳಿದಿಲ್ಲ. ಮುಂದಿನ ಮೂರು ದಶಕಗಳಲ್ಲಿ ಅದು ಮರೆತುಹೋಗಿ ಮಂತ್ರ ಮಾಯಗಳಷ್ಟೇ ಉಳಿದುವು.

ಹೊಸ ದಾರಿ ತೆರೆದವರು ಜಾರ್ಜ್ ರೊಮೆರೊ. ೧೯೬೮ರಲ್ಲಿ ಅವರೂ ಅವರ ಗೆಳೆಯರೂ ಸೇರಿ ಪೆನ್ಸಿಲ್ವೇನಿಯದ ಪಿಟ್ಸ್‌ಬರ್ಗ್ ಬಳಿಯ ಒಂದು ಹಳೆಯ ತೋಟದಮನೆಯಲ್ಲಿ ಕಪ್ಪು ಬಿಳುಪಿನ ಚಿತ್ರವೊಂದನ್ನು ತೆಗೆದರು. ಹೆಸರು 'ನೈಟ್ ಆಫ್ ದಿ ಲಿವಿಂಗ್ ಡೆಡ್'. ತಗಲಿದ ವೆಚ್ಚ ಸುಮಾರು ೧ ಲಕ್ಷ ೧೪ ಸಾವಿರ ಡಾಲರ್. ರಕ್ತಕ್ಕೆ ಚಾಕೊಲೇಟಿನ ಪಾಕ; ಮಾಂಸ ಕಸಾಯಿಯ ಅಂಗಡಿಯದು. ಇಲ್ಲಿ ಮಾಂತ್ರಿಕನಿಲ್ಲ, ಯಜಮಾನನಿಲ್ಲ. ಸತ್ತವರು ಕಾರಣ ತಿಳಿಯದೆ ಏಳುತ್ತಾರೆ, ಬದುಕಿರುವವರನ್ನು ತಿನ್ನುತ್ತಾರೆ. ಚಿತ್ರದಲ್ಲಿ ಎಲ್ಲಿಯೂ ಅವರನ್ನು ಜೋಂಬಿಗಳೆಂದು ಕರೆದಿಲ್ಲವಾದರೂ ಲೋಕ ಆ ಹೆಸರನ್ನೇ ಅವರಿಗೆ ಅಂಟಿಸಿತು. ಇನ್ನೊಂದು ವಿಚಿತ್ರವೂ ನಡೆಯಿತು. ವಿತರಕರು ಚಿತ್ರದ ಹೆಸರನ್ನು ಬದಲಾಯಿಸಿದಾಗ ಹೊಸ ಶೀರ್ಷಿಕೆಯ ಜತೆಗೆ ಹಕ್ಕುಸ್ವಾಮ್ಯದ ಸೂಚನೆಯನ್ನು ಸೇರಿಸುವುದು ಬಿಟ್ಟುಹೋಯಿತು. ಅಂದಿನ ಕಾನೂನಿನಂತೆ ಚಿತ್ರ ಸಾರ್ವಜನಿಕರ ಸ್ವತ್ತಾಯಿತು. ಮಾಡಿದವರಿಗೆ ನಷ್ಟವಾದರೂ ಎದ್ದ ಹೆಣ ಊರ ಮುಂದಿನ ಕೆರೆಯಂತೆ ಎಲ್ಲರ ಪಾಲಿಗೂ ಬಂದಿತು. ಕೈಯಲ್ಲಿ ಕಾಸಿಲ್ಲದ ಯಾವ ಯುವ ನಿರ್ದೇಶಕನೂ ಅದರಿಂದ ಒಂದು ಕೊಡ ನೀರು ತುಂಬಿಕೊಳ್ಳಬಹುದಾಯಿತು.

ಬಡತನ ಮತ್ತು ನಗು

ಅಗ್ಗದ ಚಿತ್ರಕ್ಕೆ ಹೆಣಕ್ಕಿಂತ ಒಳ್ಳೆಯ ನಟನಿಲ್ಲ. ಅದಕ್ಕೆ ಹೆಸರಾಂತ ಮುಖ ಬೇಡ, ಮಾತು ಬೇಡ, ಹರಿದ ಬಟ್ಟೆ, ಮುಖಕ್ಕೆ ಬಳಿದ ಬಣ್ಣ, ತೂರಾಡುವ ನಡೆ ಇಷ್ಟಿದ್ದರೆ ಸಾಕು. ಆದರೆ ಬಡತನದಲ್ಲಿ ಒಂದು ಅಪಾಯವಿದೆ. ರಬ್ಬರಿನ ಕೈ ಕಳಚಿ ಬಿದ್ದಾಗ ಪ್ರೇಕ್ಷಕ ನಕ್ಕುಬಿಟ್ಟರೆ ಚಿತ್ರ ಮುಗಿದಂತೆಯೇ. ಜಾಣರಾದ ನಿರ್ದೇಶಕರು ಪ್ರೇಕ್ಷಕನಿಗಿಂತ ಮೊದಲೇ ತಾವು ನಕ್ಕುಬಿಟ್ಟರು. ಕೊರತೆಯನ್ನು ಮುಚ್ಚಿಡುವ ಬದಲು ಅದನ್ನೇ ವಿನೋದವಾಗಿ ತೋರಿಸಿದರೆ ನೋಡುವವನೂ ಮಾಡುವವನೂ ಒಂದೇ ಪಕ್ಷದವರಾಗುತ್ತಾರೆ.

ಕಾಲವೂ ಅನುಕೂಲವಾಗಿತ್ತು. ಮನೆಯಲ್ಲಿ ಕ್ಯಾಸೆಟ್ಟಿನ ಮೂಲಕ ಚಿತ್ರ ನೋಡುವ ವಿಡಿಯೊ ಯಂತ್ರ ಅಮೆರಿಕದಲ್ಲಿ ಆಗತಾನೆ ಹಬ್ಬುತ್ತಿತ್ತು. ೧೯೮೪ರ ಜನವರಿಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಮನೆಯಲ್ಲಿ ದೂರದರ್ಶನದ ಕಾರ್ಯಕ್ರಮಗಳನ್ನು ಮುದ್ರಿಸಿಕೊಂಡು ನೋಡುವುದು ತಪ್ಪಲ್ಲವೆಂದು ತೀರ್ಪಿತ್ತಿತು. ಬೀದಿ ಬೀದಿಗೂ ಬಾಡಿಗೆಯ ಕ್ಯಾಸೆಟ್ ಅಂಗಡಿಗಳು ತೆರೆದುವು. ಚಿತ್ರಮಂದಿರದಲ್ಲಿ ಒಂದು ವಾರ ನಿಲ್ಲದ ಚಿತ್ರಕ್ಕೂ ಅಂಗಡಿಯ ಕಪಾಟಿನಲ್ಲಿ ಇನ್ನೊಂದು ಜನ್ಮ ದೊರೆಯಿತು. ಸತ್ತ ಚಿತ್ರಗಳೇ ಎದ್ದು ಬರುವ ಕಾಲ ಅದು.

ಆ ಕಾಲದ ಇನ್ನೊಂದು ಮುಖವೂ ಇತ್ತು. ಅಮೆರಿಕ ಮತ್ತು ಸೋವಿಯತ್ ರಷ್ಯಗಳು ಪರಮಾಣು ಅಸ್ತ್ರಗಳನ್ನು ಪರಸ್ಪರರ ಕಡೆಗೆ ಗುರಿಯಿಟ್ಟು ನಿಂತಿದ್ದುವು. ೧೯೮೩ರ ನವೆಂಬರಿನಲ್ಲಿ ಪರಮಾಣು ಯುದ್ಧದ ಮರುದಿನವನ್ನು ಚಿತ್ರಿಸಿದ 'ದಿ ಡೇ ಆಫ್ಟರ್' ದೂರದರ್ಶನದಲ್ಲಿ ಪ್ರಸಾರವಾದಾಗ ಸುಮಾರು ಹತ್ತು ಕೋಟಿ ಅಮೆರಿಕನರು ಅದನ್ನು ನೋಡಿದರು. ಕಾರ್ಖಾನೆಗಳು ಹೂತಿಟ್ಟ ವಿಷದ ಪೀಪಾಯಿಗಳು ಊರುಗಳ ಅಡಿಯಲ್ಲಿ ಸೋರುತ್ತಿದ್ದ ಸುದ್ದಿ ಬರುತ್ತಿತ್ತು. ನಯಾಗರ ಫಾಲ್ಸ್ ಪಟ್ಟಣದ ಲವ್ ಕೆನಾಲ್ ಎಂಬ ಬಡಾವಣೆಯಲ್ಲಿ ೧೯೭೮ರಲ್ಲಿ ತುರ್ತುಸ್ಥಿತಿಯನ್ನೇ ಸಾರಬೇಕಾಯಿತು. ಹದಿನೇಳರ ಹುಡುಗನಿಗೆ ಇವಾವುವೂ ತಾನು ಮಾಡಿದ್ದಲ್ಲ. ಆದರೆ ಇವುಗಳ ನಡುವೆ ಮುಂದೆ ಬಾಳಬೇಕಾದವನು ಮಾತ್ರ ಅವನೇ.

ಧೂಮಕೇತುವಿನ ಮರುದಿನ

ನಾವು ನೋಡಬೇಕಾದ ಮೊದಲನೆಯ ಚಿತ್ರ ಥಾಮ್ ಎಬರ್‌ಹಾರ್ಟ್ ಬರೆದು ನಿರ್ದೇಶಿಸಿದ 'ನೈಟ್ ಆಫ್ ದಿ ಕಾಮೆಟ್', ಧೂಮಕೇತುವಿನ ರಾತ್ರಿ. ೧೯೮೪ರ ನವೆಂಬರಿನಲ್ಲಿ ಬಿಡುಗಡೆಯಾದ ಇದರ ವೆಚ್ಚ ಸುಮಾರು ೭ ಲಕ್ಷ ಡಾಲರ್. ಅದೇ ವರ್ಷದ ದೊಡ್ಡ ದೆವ್ವದ ಹಾಸ್ಯಚಿತ್ರ 'ಘೋಸ್ಟ್‌ಬಸ್ಟರ್ಸ್'ಗೆ ತಗಲಿದ್ದು ಎರಡು ಕೋಟಿ ಡಾಲರಿಗೂ ಹೆಚ್ಚು. ಎಬರ್‌ಹಾರ್ಟರ ಚಿತ್ರ ಗಳಿಸಿದ್ದು ೧ ಕೋಟಿ ೪೦ ಲಕ್ಷದ ಆಸುಪಾಸು.

ಧೂಮಕೇತುವನ್ನು ನೋಡಲು ಊರಿಗೆ ಊರೇ ಹಬ್ಬದಂತೆ ಬೀದಿಗೆ ಇಳಿಯುತ್ತದೆ. ಬೆಳಗಾಗುವಾಗ ಬೀದಿಯಲ್ಲಿ ಉಳಿದದ್ದು ಬರಿಯ ಬಟ್ಟೆಗಳು ಮತ್ತು ಕೆಂಪು ಧೂಳು. ಉಕ್ಕಿನ ಗೋಡೆಗಳ ಮರೆಯಲ್ಲಿದ್ದವರಷ್ಟೇ ಬದುಕಿದ್ದಾರೆ. ಅವರಲ್ಲಿ ಇಬ್ಬರು ಹದಿಹರೆಯದ ಅಕ್ಕತಂಗಿಯರು. ಅಕ್ಕ ರೆಜಿನಾ ಚಿತ್ರಮಂದಿರದ ಯಂತ್ರದ ಕೋಣೆಯಲ್ಲಿ ರಾತ್ರಿ ಕಳೆದವಳು. ತಂಗಿ ಸಮಾಂತ ಮಲತಾಯಿಯೊಡನೆ ಜಗಳವಾಡಿ, ಏಟು ತಿಂದು, ಹಿತ್ತಲಿನ ತಗಡಿನ ಕೊಟ್ಟಿಗೆಯಲ್ಲಿ ಮಲಗಿದವಳು. ಶಿಷ್ಟರಾಗಿ ನಡೆದುಕೊಂಡಿದ್ದರೆ ಇಬ್ಬರೂ ಧೂಳಾಗುತ್ತಿದ್ದರು ಎಂಬಲ್ಲಿಯೇ ಚಿತ್ರದ ತುಂಟತನವಿದೆ.

ಜನರಿಲ್ಲದ ಲಾಸ್ ಏಂಜಲಿಸ್ ನಗರವನ್ನು ತೋರಿಸುವುದಕ್ಕೆ ಹಣವೇನೂ ಬೇಕಾಗಲಿಲ್ಲ. ಮುಂಜಾವಿನಲ್ಲಿ ಬೀದಿ ಬರಿದಾಗಿರುವ ಹೊತ್ತನ್ನು ಕಾದು, ಮಸೂರಕ್ಕೆ ಕೆಂಪು ಗಾಜನ್ನು ಹಿಡಿದರೆ ಆಯಿತು. ಧೂಮಕೇತುವಿನ ಕಿರಣ ಅರೆಬರೆ ತಗಲಿ ಜೋಂಬಿಗಳಾದವರು ಇಡೀ ಚಿತ್ರದಲ್ಲಿ ಬೆರಳೆಣಿಕೆಯಷ್ಟು ಮಂದಿ. ನಿಜವಾದ ಕೇಡಿಗರು ಬೇರೆ: ಭೂಮಿಯ ಒಳಗೆ ಸುರಕ್ಷಿತವಾದ ನೆಲೆ ಕಟ್ಟಿಕೊಂಡ ವಿಜ್ಞಾನಿಗಳು. ಅಪಾಯವನ್ನು ಮೊದಲೇ ಊಹಿಸಿದ್ದ ಈ ಪಂಡಿತರು ತಮ್ಮ ನೆಲೆಯ ಗಾಳಿಕಿಂಡಿಗಳನ್ನು ಮುಚ್ಚುವುದನ್ನು ಮರೆತಿದ್ದಾರೆ! ಈಗ ತಮ್ಮ ಪ್ರಾಣ ಉಳಿಸಿಕೊಳ್ಳಲು ಬದುಕುಳಿದ ಎಳೆಯರ ರಕ್ತ ಅವರಿಗೆ ಬೇಕಾಗಿದೆ. ಹಿರಿಯರ ಬದುಕು ಕಿರಿಯರ ರಕ್ತದಿಂದ ನಡೆಯುತ್ತದೆ ಎಂಬ ಕಟುವಾದ ಮಾತನ್ನು ಚಿತ್ರ ನಗುನಗುತ್ತಲೇ ಹೇಳಿ ಮುಂದೆ ಸಾಗುತ್ತದೆ.

ಕೊನೆಯ ದೃಶ್ಯ ಮನನೀಯವಾಗಿದೆ. ಮಳೆ ಬಂದು ಧೂಳು ತೊಳೆದುಹೋಗಿದೆ. ರೆಜಿನಾ, ಜತೆಗಾರ ಹೆಕ್ಟರ್, ಅವರು ಕಾಪಾಡಿದ ಇಬ್ಬರು ಮಕ್ಕಳು ಒಂದು ಸಂಸಾರದಂತೆ ನಿಂತಿದ್ದಾರೆ. ಒಂದು ವಾಹನವೂ ಇಲ್ಲದ ಬೀದಿಯನ್ನು ದಾಟುವ ಮುನ್ನ ದೀಪ ಬದಲಾಗುವವರೆಗೆ ಕಾಯಬೇಕೆಂದು ರೆಜಿನಾ ಹಟ ಹಿಡಿಯುತ್ತಾಳೆ. ತಂಗಿ ಗೇಲಿ ಮಾಡಿ ಬೀದಿಗೆ ಇಳಿದೊಡನೆ ಎಲ್ಲಿಂದಲೋ ಒಂದು ಕಾರು ರಭಸದಿಂದ ಬಂದು ಅವಳನ್ನು ಕೂದಲೆಳೆಯಷ್ಟರಲ್ಲಿ ತಪ್ಪಿಸಿಕೊಂಡು ನಿಲ್ಲುತ್ತದೆ. ಇದು ಬರಿಯ ನಗೆಚಾಟಿಕೆಯಲ್ಲ. ಲೋಕವೇ ಮುಳುಗಿದ ಮೇಲೆ ನಿಯಮಗಳನ್ನು ಯಾರು ಪಾಲಿಸಬೇಕು, ಏಕೆ ಪಾಲಿಸಬೇಕು? ನಾಗರಿಕತೆಯ ಹೊರೆ ಈಗ ನಮ್ಮದು ಎಂದು ನಿನ್ನೆಯವರೆಗೆ ಆಟದ ಯಂತ್ರದ ಮುಂದೆ ನಿಂತಿದ್ದ ಹುಡುಗಿ ಉತ್ತರ ಹೇಳುತ್ತಾಳೆ.

ಹೆಣಕ್ಕೆ ಬಂದ ಮಾತು

ಎರಡನೆಯದು ಈ ಬಗೆಯಲ್ಲಿಯೇ ಶ್ರೇಷ್ಠವೆನ್ನಬಹುದಾದ 'ದಿ ರಿಟರ್ನ್ ಆಫ್ ದಿ ಲಿವಿಂಗ್ ಡೆಡ್', ೧೯೮೫ರದು. ರೊಮೆರೊ ಅವರೊಡನೆ ಮೊದಲ ಚಿತ್ರವನ್ನು ಬರೆದ ಜಾನ್ ರೂಸೊ ಮುಂದೆ ಬೇರೆಯಾದಾಗ 'ಲಿವಿಂಗ್ ಡೆಡ್' ಎಂಬ ಹೆಸರನ್ನು ಬಳಸುವ ಹಕ್ಕು ಅವರ ಪಾಲಿಗೆ ಉಳಿಯಿತು. ಆ ಹೆಸರು ಕೈಬದಲಾಗಿ ಕೊನೆಗೆ ಡ್ಯಾನ್ ಒ'ಬ್ಯಾನನ್ ಅವರಲ್ಲಿಗೆ ಬಂದಿತು. 'ಏಲಿಯನ್' ಚಿತ್ರಕಥೆ ಬರೆದು ಹೆಸರಾಗಿದ್ದ ಒ'ಬ್ಯಾನನ್‌ರಿಗೆ ನಿರ್ದೇಶಕರಾಗಿ ಇದು ಚೊಚ್ಚಲ ಚಿತ್ರ. ರೊಮೆರೊ ಉತ್ತ ಹೊಲದಲ್ಲಿ ತಾನು ಮತ್ತೆ ನೇಗಿಲು ಹೂಡಬಾರದೆಂದು ಅವರು ಕಥೆಯನ್ನು ಹೊಸದಾಗಿ ಬರೆದು ಹಾಸ್ಯದ ಕಡೆಗೆ ತಿರುಗಿಸಿದರು. ಈ ಚಿತ್ರದ ನಗು ಹುಟ್ಟಿದ್ದು ಹೀಗೆ, ಪೂರ್ವಸೂರಿಯ ಮೇಲಿನ ಮರ್ಯಾದೆಯಿಂದ.

ಕೆಂಟಕಿಯ ಲೂಯಿವಿಲ್ ಪಟ್ಟಣದಲ್ಲಿ ವೈದ್ಯಶಾಲೆಗಳಿಗೆ ಅಸ್ಥಿಪಂಜರ, ಹೆಣ ಮೊದಲಾದವನ್ನು ಒದಗಿಸುವ ಒಂದು ಗೋದಾಮು. ಫ್ರೆಡಿ ಎಂಬ ಹುಡುಗನಿಗೆ ಅದು ಕೆಲಸದ ಮೊದಲ ದಿನ. ಹಿರಿಯ ಕೆಲಸಗಾರ ಫ್ರ್ಯಾಂಕ್ ತನ್ನ ದೊಡ್ಡಸ್ತಿಕೆ ತೋರಿಸಲು ನೆಲಮಾಳಿಗೆಗೆ ಕರೆದೊಯ್ದು, ಸೈನ್ಯದವರು ವಿಳಾಸ ತಪ್ಪಿ ಕಳಿಸಿದ ಪೀಪಾಯಿಗಳನ್ನು ತೋರಿಸುತ್ತಾನೆ. ಇವು ಸೋರುವುದುಂಟೇ ಎಂದು ಹುಡುಗ ಅಂಜುತ್ತ ಕೇಳಿದರೆ, ಸೈನ್ಯದ ಸಾಮಾನು ಸೋರುವುದೇ ಎಂದು ಫ್ರ್ಯಾಂಕ್ ಪೀಪಾಯಿಯ ಮೇಲೆ ಅಂಗೈಯಿಂದ ಬಡಿಯುತ್ತಾನೆ. ಅದು ಸೋರುತ್ತದೆ. ಒಳಗಿನ ವಿಷಾನಿಲ ಸತ್ತದ್ದನ್ನೆಲ್ಲ ಎಬ್ಬಿಸುತ್ತದೆ. ೧೯೮೪ರ ಡಿಸೆಂಬರಿನಲ್ಲಿ ನಡೆದ ಭೋಪಾಲದ ದುರಂತಕ್ಕೂ ಈ ಕಥೆಗೂ ನೇರವಾದ ಸಂಬಂಧವಿಲ್ಲ. ಆದರೂ ಭಾರತದ ಪ್ರೇಕ್ಷಕ ಈ ದೃಶ್ಯದಲ್ಲಿ ಪೂರ್ತಿಯಾಗಿ ನಗಲಾರ.

ಅಲ್ಲಿಂದ ಮುಂದೆ ತಪ್ಪನ್ನು ಮುಚ್ಚಿಹಾಕುವ ಒಂದೊಂದು ಹೆಜ್ಜೆಯೂ ತಪ್ಪನ್ನು ದೊಡ್ಡದು ಮಾಡುತ್ತದೆ. ಎದ್ದ ಹೆಣದ ತಲೆಗೆ ಪೆಟ್ಟುಕೊಟ್ಟರೆ ಅದು ಸಾಯಬೇಕೆಂಬುದು ಹಳೆಯ ಚಿತ್ರದ ನಿಯಮ. ಇಲ್ಲಿಯ ಹೆಣ ಆ ಚಿತ್ರವನ್ನು ನೋಡಿಲ್ಲವೆಂದು ತೋರುತ್ತದೆ! ತುಂಡು ತುಂಡು ಮಾಡಿದರೂ ಪ್ರತಿಯೊಂದು ತುಂಡೂ ಒದ್ದಾಡುತ್ತದೆ. ಕಡೆಗೆ ಎದುರುಮನೆಯ ಶವದಹನದ ಒಲೆಯಲ್ಲಿ ಸುಡುತ್ತಾರೆ. ಹೊಗೆ ಮೋಡವನ್ನು ಸೇರುತ್ತದೆ. ಮೋಡ ಮಳೆಯಾಗಿ ಸುರಿಯುತ್ತದೆ. ಮಳೆ ಸ್ಮಶಾನದ ಮಣ್ಣಿಗೆ ಇಳಿಯುತ್ತದೆ. ಆ ಸ್ಮಶಾನದಲ್ಲಿ ಫ್ರೆಡಿ ಕೆಲಸ ಮುಗಿಸಿ ಬರಲೆಂದು ಅವನ ಗೆಳೆಯರು ಕಾಯುತ್ತಿದ್ದಾರೆ. ಆಮ್ಲಮಳೆಯ ಚರ್ಚೆ ಪತ್ರಿಕೆಗಳನ್ನು ತುಂಬಿದ್ದ ಆ ದಿನಗಳಲ್ಲಿ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಚಿತ್ರದ ಹೃದಯವಿರುವುದು ಎರಡು ದೃಶ್ಯಗಳಲ್ಲಿ. ಒಂದರಲ್ಲಿ ಸೊಂಟದ ಕೆಳಗೆ ಏನೂ ಉಳಿಯದ ಒಬ್ಬ ಹೆಂಗಸಿನ ಹೆಣವನ್ನು ಮೇಜಿಗೆ ಕಟ್ಟಿಹಾಕಿ, ಮಿದುಳನ್ನೇ ಏಕೆ ತಿನ್ನುತ್ತೀರಿ ಎಂದು ಕೇಳುತ್ತಾರೆ. ಜೋಂಬಿಗಳು ಮಿದುಳನ್ನು ತಿನ್ನುತ್ತವೆ ಎಂಬ ಈಗಿನ ಲೋಕಪ್ರಸಿದ್ಧಿಗೆ ಮೂಲ ಈ ಚಿತ್ರವೇ. ಅವಳು ಕೊಡುವ ಉತ್ತರ ಅನಿರೀಕ್ಷಿತವಾದದ್ದು: ಸತ್ತಿರುವುದು ನೋವು, ತಾನು ಕೊಳೆಯುತ್ತಿರುವುದು ತನಗೇ ತಿಳಿಯುತ್ತದೆ, ಮಿದುಳು ತಿಂದರೆ ಆ ನೋವು ಸ್ವಲ್ಪ ಶಮನವಾಗುತ್ತದೆ. ಹೈಟಿಯಲ್ಲಿ ಮೂಕವಾಗಿದ್ದ ಹೆಣಕ್ಕೆ ಇಲ್ಲಿ ಮಾತು ಬಂದಿದೆ. ಬಂದ ಮಾತು ಶಾಪವಲ್ಲ, ನರಳಿಕೆ. ಸಾವು ಬಿಡುಗಡೆಯಲ್ಲವಾದರೆ ಗತಿ ಏನು ಎಂಬ ಹಳೆಯ ಪ್ರಶ್ನೆ, ಕೇಳಿದವರಿಗೆ ಗೊತ್ತಿಲ್ಲದಂತೆ, ಇಲ್ಲಿ ಮರಳಿ ಕೇಳಿಸುತ್ತದೆ.

ಇನ್ನೊಂದು ದೃಶ್ಯ ಫ್ರ್ಯಾಂಕನದು. ವಿಷವನ್ನು ಉಸಿರಾಡಿದ ಅವನೂ ಫ್ರೆಡಿಯೂ ನಿಧಾನವಾಗಿ, ಎಚ್ಚರವಿದ್ದಂತೆಯೇ ಸಾಯುತ್ತಿದ್ದಾರೆ. ನಾಡಿಯಿಲ್ಲ, ಮೈ ತಣ್ಣಗಾಗಿದೆ, ಕೈಕಾಲು ಸೆಟೆಯುತ್ತಿವೆ, ಮಾತು ಮಾತ್ರ ನಿಂತಿಲ್ಲ. ಪರೀಕ್ಷಿಸಲು ಬಂದವರ ಮುಖದ ಗಲಿಬಿಲಿ ನಗಿಸುತ್ತದೆ. ತಾನು ಏನಾಗಲಿದ್ದೇನೆಂದು ಅರಿತ ಫ್ರ್ಯಾಂಕ್ ಒಬ್ಬನೇ ದಹನದ ಒಲೆಯ ಬಳಿಗೆ ಹೋಗಿ, ಮದುವೆಯ ಉಂಗುರವನ್ನು ತೆಗೆದಿಟ್ಟು, ತಾನಾಗಿಯೇ ಬೆಂಕಿಯನ್ನು ಪ್ರವೇಶಿಸುತ್ತಾನೆ. ಮಳೆಯಲ್ಲಿ ನೆನೆಯುತ್ತ ಹೆಣವಾಗಿ ಅಲೆಯುವ ಕೆಲಸದಿಂದ ತಪ್ಪಿಸಿಕೊಳ್ಳಲು ಈ ಸನ್ನಿವೇಶವನ್ನು ತಾವೇ ಸೂಚಿಸಿದ್ದಾಗಿ ಆ ಪಾತ್ರ ವಹಿಸಿದ ಜೇಮ್ಸ್ ಕರೆನ್ ಮುಂದೆ ಹೇಳಿಕೊಂಡದ್ದುಂಟು. ಕಾರಣ ಏನೇ ಇರಲಿ, ಇಡೀ ಚಿತ್ರದಲ್ಲಿ ತನ್ನ ತಪ್ಪಿಗೆ ತಾನೇ ಬೆಲೆ ತೆತ್ತ ಹಿರಿಯ ಅವನೊಬ್ಬನೇ. ಪೀಪಾಯಿಯ ಮೇಲೆ ಬರೆದಿದ್ದ ಸಂಖ್ಯೆಗೆ ದೂರವಾಣಿ ಮಾಡಿದಾಗ ಸೈನ್ಯ ಕೊಡುವ ಪರಿಹಾರ ಬೇರೆ: ಪಟ್ಟಣದ ಮೇಲೆ ಒಂದು ಪರಮಾಣು ಗುಂಡು. ಎಲ್ಲವೂ ಹತೋಟಿಗೆ ಬಂದಿದೆ ಎಂದು ಅಧಿಕಾರಿ ನೆಮ್ಮದಿಯಿಂದಿರುವಾಗ ಹೊರಗೆ ಮತ್ತೆ ಮಳೆ ಹಿಡಿಯುತ್ತದೆ.

ಗೆಳೆಯನ ದನಿ

ಮೂರನೆಯದು 'ನೈಟ್ ಆಫ್ ದಿ ಕ್ರೀಪ್ಸ್', ೧೯೮೬ರದು. ಬರೆದು ನಿರ್ದೇಶಿಸಿದ ಫ್ರೆಡ್ ಡೆಕರ್‌ಗೆ ಆಗ ೨೭ ವರ್ಷ. ಸುಮಾರು ೫೦ ಲಕ್ಷ ಡಾಲರಿನ ಈ ಚಿತ್ರ ಚಿತ್ರಮಂದಿರಗಳಲ್ಲಿ ೬ ಲಕ್ಷವನ್ನೂ ಗಳಿಸಲಿಲ್ಲ. ಅದನ್ನು ಉಳಿಸಿದ್ದು ಕ್ಯಾಸೆಟ್ ಅಂಗಡಿ. ಪಾತ್ರಗಳಿಗೆಲ್ಲ ರೊಮೆರೊ, ಹೂಪರ್, ಕ್ರೋನೆನ್‌ಬರ್ಗ್ ಎಂದು ಭಯಾನಕ ಚಿತ್ರಗಳ ನಿರ್ದೇಶಕರ ಹೆಸರುಗಳು. ವಿಶ್ವವಿದ್ಯಾನಿಲಯಕ್ಕೆ ಅಗ್ಗದ ಚಿತ್ರಗಳ ಪಿತಾಮಹ ರೋಜರ್ ಕಾರ್ಮನ್‌ರ ಹೆಸರು. ಗುರುವಂದನೆಯನ್ನು ಕೀಟಲೆಯ ರೂಪದಲ್ಲಿ ಸಲ್ಲಿಸುವುದು ವಿದ್ಯಾರ್ಥಿಗಳ ಪದ್ಧತಿಯಷ್ಟೆ.

ಆಕಾಶದಿಂದ ಬಿದ್ದ ಜಿಗಣೆಯಂಥ ಹುಳುಗಳು ಬಾಯಿಯ ಮೂಲಕ ಒಳಹೊಕ್ಕು ತಲೆಯಲ್ಲಿ ಗೂಡು ಕಟ್ಟುತ್ತವೆ, ಸತ್ತವನು ನಡೆದಾಡುತ್ತಾನೆ. ಅಪಘಾತದಲ್ಲಿ ಸತ್ತ ವಿದ್ಯಾರ್ಥಿಗಳ ತಂಡವೊಂದು ನೃತ್ಯಕೂಟದ ಉಡುಪಿನಲ್ಲಿಯೇ ಹುಡುಗಿಯರ ವಸತಿಗೃಹಕ್ಕೆ ಬರುವ ದೃಶ್ಯ ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತದೆ. ಆದರೆ ಚಿತ್ರ ಮುಗಿದ ಮೇಲೆ ನೆನಪಿನಲ್ಲಿ ಉಳಿಯುವುದು ಅದಲ್ಲ. ನಾಯಕನ ಗೆಳೆಯ ಜೆ.ಸಿ. ಊರುಗೋಲಿನ ಮೇಲೆ ನಡೆಯುವ ಹುಡುಗ. ಚಿತ್ರದ ನಗುವೆಲ್ಲ ಅವನ ನಾಲಗೆಯ ಮೇಲಿದೆ. ಒಂಟಿಯಾಗಿದ್ದಾಗ ಹುಳುಗಳು ಅವನನ್ನು ಹೊಕ್ಕುಬಿಡುತ್ತವೆ. ಸಾಯುವ ಮುನ್ನ ಅವನು ಧ್ವನಿಮುದ್ರಣ ಯಂತ್ರದಲ್ಲಿ ಗೆಳೆಯನಿಗೆ ಒಂದು ಸಂದೇಶವನ್ನು ಬಿಟ್ಟುಹೋಗುತ್ತಾನೆ: ಹುಳುಗಳು ಬೆಂಕಿಗೆ ಸಾಯುತ್ತವೆ, ಇದನ್ನು ತಾನು ಕಂಡುಕೊಂಡಿದ್ದೇನೆ, ಗೆಳೆಯಾ ನೀನೆಂದರೆ ನನಗೆ ಪ್ರೀತಿ. ಅಷ್ಟು ಹೊತ್ತು ಹರಟೆಗೇ ಮೀಸಲಾಗಿದ್ದ ದನಿ ಈಗ ಹರಟುವುದಿಲ್ಲ. ಪ್ರೇಕ್ಷಕರ ನಗು ಅಲ್ಲಿ ನಿಂತುಹೋಗುತ್ತದೆ. ನಗಿಸುತ್ತಿದ್ದವನೇ ಇಲ್ಲವಾದ ಮೇಲೆ ನಗುವವರಾರು?

ವಿರೋಧಿಗಳ ಸಂಧಿ

ಇವನ್ನೆಲ್ಲ ತಲೆಯ ಮೇಲೆ ಹೊತ್ತು ಮೆರೆಸಬೇಕೆಂದು ನಮ್ಮ ಅಭಿಪ್ರಾಯವಲ್ಲ. ಸ್ತ್ರೀಶರೀರವನ್ನು ಕಾರಣವಿಲ್ಲದೆ ಬಯಲು ಮಾಡುವ ಅಭಿರುಚಿಹೀನತೆ ಇವುಗಳಲ್ಲಿ ಇದ್ದೇ ಇದೆ. ಒ'ಬ್ಯಾನನ್‌ರ ಚಿತ್ರವೂ ಆ ದೋಷಕ್ಕೆ ಹೊರತಲ್ಲ. ಗೆದ್ದ ಒಂದು ಚಿತ್ರದ ಹಿಂದೆ ಅದರ ನೆರಳಿನಂಥ ಹತ್ತು ಚಿತ್ರಗಳು ಬಂದು ನಗುವನ್ನೂ ಭಯವನ್ನೂ ಸವೆಯಿಸಿದುವು. ರಕ್ತ ಹೆಚ್ಚಿದಷ್ಟೂ ರಸ ಹೆಚ್ಚೀತೆಂಬ ಭ್ರಮೆ ಹಲವರಿಗಿತ್ತು.

ಆದರೂ ಒಳ್ಳೆಯವು ಒಳ್ಳೆಯವೇ. ಅವು ಏಕೆ ಕೆಡಲಿಲ್ಲವೆಂಬುದಕ್ಕೆ ಉತ್ತರವೂ ನಮ್ಮ ಶಾಸ್ತ್ರದಲ್ಲಿಯೇ ದೊರೆಯುತ್ತದೆ. ವಿರೋಧಿ ರಸಗಳನ್ನು ಸರಿಸಮಾನವಾಗಿ ನಿಲ್ಲಿಸಿದರೆ ಕಾವ್ಯ ಕೆಡುತ್ತದೆ. ಒಂದನ್ನು ಇನ್ನೊಂದಕ್ಕೆ ಅಂಗವಾಗಿಸಿದರೆ ದೋಷವಿಲ್ಲ ಎಂದು ಧ್ವನ್ಯಾಲೋಕದಲ್ಲಿ ಆನಂದವರ್ಧನನು ತೋರಿಸಿಕೊಟ್ಟಿದ್ದಾನೆ. ಈ ಮೂರು ಚಿತ್ರಗಳಲ್ಲಿ ಹಾಸ್ಯ ಅಂಗಿಯಲ್ಲ, ಅಂಗ. ಅದು ನಮ್ಮನ್ನು ನಗಿಸಿ, ಮೈಮರೆಸಿ, ಕರುಣದ ಬಾಗಿಲವರೆಗೆ ಕರೆತಂದು ತಾನು ಹಿಂದೆ ಸರಿಯುತ್ತದೆ. ಅಳುಮೋರೆ ಹಾಕಿಕೊಂಡು ಪರಮಾಣು ಅಸ್ತ್ರದ ವಿಚಾರವಾಗಿ ಭಾಷಣ ಮಾಡಿದ್ದರೆ ಆ ಹುಡುಗರು 'ಇದು ಪಾಠ' ಎಂದು ಎದ್ದು ಹೋಗುತ್ತಿದ್ದರು. ರಬ್ಬರಿನ ಹೆಣವೊಂದು ಎದ್ದು ನರಳಿದಾಗ ಕುಳಿತು ಕೇಳಿದರು.

ಅವರು ಕೇಳಿಸಿಕೊಂಡ ದೂರಾದರೂ ಏನು? ಪೀಪಾಯಿಯನ್ನು ನೆಲಮಾಳಿಗೆಯಲ್ಲಿ ಇಟ್ಟವರು ಹಿರಿಯರು. ಅದು ಸೋರದೆಂದು ಭರವಸೆ ಕೊಟ್ಟವರೂ ಅವರೇ. ಸೋರಿದಾಗ ಊರನ್ನೇ ಸುಟ್ಟವರೂ ಅವರೇ. ಆ ರಾತ್ರಿ ಸ್ಮಶಾನದಲ್ಲಿ ಗೆಳೆಯನಿಗಾಗಿ ಕಾಯುತ್ತಿದ್ದ ಮಕ್ಕಳು ಮಾತ್ರ ಯಾವುದನ್ನೂ ಮಾಡಿರಲಿಲ್ಲ. ಅಂದು ಈ ಚಿತ್ರಗಳನ್ನು ನೋಡಿ ನಕ್ಕ ಹದಿಹರೆಯದವರು ಇಂದು ಐವತ್ತನ್ನು ದಾಟಿದ್ದಾರೆ. ನೆಲಮಾಳಿಗೆಯ ಬೀಗದ ಕೈ ಈಗ ಅವರ ಸೊಂಟದಲ್ಲಿದೆ. ಪೀಪಾಯಿ ಸೋರುವುದುಂಟೇ ಎಂದು ಅವರ ಮಕ್ಕಳು ಕೇಳಿದಾಗ ಅವರು ಅದನ್ನು ಅಂಗೈಯಿಂದ ಬಡಿದು ತೋರಿಸುವರೋ, ಮೊದಲು ಬಗ್ಗಿ ಪರೀಕ್ಷಿಸುವರೋ ನೋಡಬೇಕಾಗಿದೆ.